ಕರೆಯುವವಳು ಕೂತ ದಿನ

ಬಂಗಾರಿ ಕೂತದ್ದನ್ನು ಕಂಡವರು ಹಿರೇಗುತ್ತಿಯ ಆಸುಪಾಸಿನಲ್ಲಿ ಯಾರೂ ಇರಲಿಲ್ಲ. ಬಿಡುವಿಲ್ಲದ ದುಡಿಮೆಗಾರ್ತಿ ಎಂದು ಹೊಗಳುವುದಕ್ಕೆ ಹೀಗೆ ಹೇಳುತ್ತಿದ್ದೇನೆಂದು ಭಾವಿಸಬೇಡಿ. ನಾಲ್ಕು ಜನ ಸೇರಿದ ಜಾಗದಲ್ಲಿ ಆ ಹೆಂಗಸು ನಿಜವಾಗಿಯೂ ಕುಂಡೆ ಊರುತ್ತಿರಲಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಎಲ್ಲರೂ ಎಲೆಯ ಮುಂದೆ ಮಂಡಿ ಮಡಚಿದಾಗ ಇವಳು ಚಪ್ಪರದ ಕಂಬಕ್ಕೆ ಹೆಗಲು ತಾಗಿಸಿ ನಿಂತಿರುತ್ತಿದ್ದಳು. ಎಲ್ಲರ ಊಟವಾಗಿ ಎಲೆ ತೆಗೆದ ಮೇಲೆ ಅಡುಗೆಯವರ ಮಗ್ಗುಲಲ್ಲಿ ನಿಂತೇ ನಾಲ್ಕು ತುತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕುಮಟಾ ಬಸ್ಸಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿ ಬಿದ್ದಿದ್ದರೂ ಬಾಗಿಲ ಹತ್ತಿರದ ಸರಳು ಹಿಡಿದು ತೂಗಾಡುತ್ತಿದ್ದಳು. "ಅಮಾ, ಕೂತ್ಕಳಿ, ಕೂಡ್ರೂಕೆ ಬೇರೆ ಟಿಕೇಟಿಲ್ಲ" ಎಂದು ಕಂಡಕ್ಟರ್ ಗೇಲಿ ಮಾಡಿದರೆ, "ನೀನೂ ನಿಂತೇ ಇದ್ಯಲೋ, ನಿಂಗೆ ಸಂಬ್ಳ ಕೊಡ್ತ್ರು. ನಾ ಪುಕ್ಕಟೆ ನಿಲ್ತೆ, ನಿಂಗೆಂತ ಉರಿ?" ಎಂದು ಅವನ ಬಾಯಿ ಮುಚ್ಚಿಸುತ್ತಿದ್ದಳು.

ನನಗೆ ಅವಳ ಪರಿಚಯವಾದದ್ದು ಚಳವಳಿಯಲ್ಲಿ. ಸಾಗುವಳಿ ಮಾಡಿದ ನೆಲಕ್ಕೆ ಹಕ್ಕು ಕೊಡಿ ಎಂದು ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ನಾವು ಸರದಿಯ ಮೇಲೆ ಧರಣಿ ಹೂಡುತ್ತಿದ್ದ ಕಾಲ ಅದು. ಕಚೇರಿಯ ಎದುರು ಗೋಣಿತಾಟು ಹಾಸಿ ಎಲ್ಲರೂ ಒತ್ತೊತ್ತಾಗಿ ಕೂತಿದ್ದರೆ, ಇವಳೊಬ್ಬಳು ನಮಗೆ ಬೆನ್ನು ಹಾಕಿ, ರಸ್ತೆಗೆ ಮುಖ ಮಾಡಿ, ನೆಟ್ಟ ಗೂಟದ ಹಾಗೆ ನಿಂತಿದ್ದಳು. ಫೋಟೋ ತೆಗೆಯಲು ಬಂದ ಪತ್ರಿಕೆಯವನು ಗೊಣಗಿದ. ನಾನು ಎದ್ದು ಹೋಗಿ, "ಬಂಗಾರಕ್ಕಾ, ಇದು ಕೂಡ್ರುವ ಸತ್ಯಾಗ್ರಹ. ನೀನೊಬ್ಬಳು ನಿಂತರೆ ಅರ್ಥ ಕೆಡ್ತದೆ" ಎಂದೆ. ಅವಳು ಬಾಯೊಳಗಿನ ಎಲೆಯಡಿಕೆಯ ಕವಳವನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿ, "ಎಲ್ಲಾ ಕೂತ್ರೆ ಎಬ್ಸುದು ಯಾರು, ಲೀಡರಾ?" ಎಂದಳು. ಆ ಮಾತು ನನಗೆ ಬಹಳ ಹಿಡಿಸಿತು. ಮುಂದೆ ಎಷ್ಟೋ ಭಾಷಣಗಳಲ್ಲಿ, ಸುಪ್ತ ಜನತೆ, ಜಾಗೃತ ಪ್ರಜ್ಞೆ ಎಂದೆಲ್ಲ ಮಸಾಲೆ ಅರೆದು ಅದನ್ನು ಬಳಸಿದೆ, ಚಪ್ಪಾಳೆಯೂ ಬಿತ್ತು. ಅವಳು ಉಪಮೆ ಹೇಳಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಉದ್ದ ಕಾಲಿನ, ಒಣಗಿದ ಮೈಯ ಹೆಂಗಸು. ಸೀರೆಯನ್ನು ಮೊಣಕಾಲ ಕೆಳಗೆ ಎತ್ತಿ ಕಟ್ಟಿ, ಅದರ ಮೇಲೆ ಪೊಲೀಸರ ಮಳೆಕೋಟು ತೊಡುತ್ತಿದ್ದಳು. ಮಳೆಯಿರಲಿ, ಸುಡುವ ಏಪ್ರಿಲ್ ಇರಲಿ. ಒಮ್ಮೆ ಧರಣಿಯಲ್ಲಿ ಜಡಿಮಳೆ ಹಿಡಿದಾಗ, ನೆನೆಯುತ್ತ ನಿಂತಿದ್ದ ಇವಳನ್ನು ನೋಡಲಾರದೆ ಕಾವಲಿನ ಹೆಣ್ಣುಪೇದೆಯೊಬ್ಬಳು ಹೊದೆಸಿದ ಕೋಟು ಅದು. ಪೇದೆಗೆ ವರ್ಗವಾಯಿತು, ಕೋಟು ಇಲ್ಲೇ ಉಳಿಯಿತು. ಸರಕಾರದಿಂದ ಚಳವಳಿಗೆ ನಿಜವಾಗಿ ದಕ್ಕಿದ್ದು ಅದೊಂದೇ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಅವಳ ನಡಿಗೆಯೂ ವಿಚಿತ್ರವಾಗಿತ್ತು: ನಾಲ್ಕು ಹೆಜ್ಜೆ ಮುಂದೆ ಹೋಗಿ ಅರ್ಧ ಹೊರಳಿ, ಹಿಂದೆ ಬರುವವರನ್ನೆಲ್ಲ ಒಮ್ಮೆ ಕಣ್ಣಲ್ಲಿ ಸವರಿ, ತುಟಿಯಲ್ಲೇ ಒಬ್ಬೊಬ್ಬರ ಹೆಸರು ಹೇಳಿಕೊಂಡು ಮತ್ತೆ ಮುಂದೆ. ಮಾತಾಡುವ ದನಿ ಒಡಕು, ಹೊಗೆ ಹಿಡಿದಂಥದ್ದು. ಆದರೆ ಅವಳಿಗೆ ಇನ್ನೊಂದು ದನಿ ಇತ್ತು, ಅದನ್ನು ವರ್ಷಕ್ಕೊಂದು ಸಲ ಮಾತ್ರ ಹೊರಗೆ ತೆಗೆಯುತ್ತಿದ್ದಳು.

ಅವಳ ಕೇರಿಯ ಹಿಂದೆ ಗಜನಿ ಇದೆ. ಮಳೆಗಾಲದಲ್ಲಿ ಕಗ್ಗ ಎಂಬ ಭತ್ತ ಬೆಳೆದು, ಕೊಯ್ಲಾದ ಮೇಲೆ ಕಟ್ಟಿನ ಹಲಗೆ ತೆಗೆದು ಉಪ್ಪುನೀರು ತುಂಬಿಸುವ ತಗ್ಗು ಗದ್ದೆ. ಅರ್ಧ ವರ್ಷ ನೆಲ, ಉಳಿದರ್ಧ ಸಮುದ್ರ. ಹಲಗೆ ತೆಗೆಯುವ ದಿನ, ಸಂಜೆ ಕಡಲು ಉಬ್ಬಿ ಭರತ ಏರುವ ಹೊತ್ತಿಗೆ, ಕೇರಿಯ ಹಿರಿಯರು ಏರಿಯ ಮೇಲೆ ನೀರಿಗೆ ಮುಖ ಮಾಡಿ ಸಾಲಾಗಿ ಕೂಡ್ರುತ್ತಾರೆ. ಮಂತ್ರವಿಲ್ಲ, ದೀಪವಿಲ್ಲ, ಕಾಯಿ ಒಡೆಯುವುದಿಲ್ಲ, ಭಟ್ಟರು ಇಲ್ಲ. ಕಣ್ಣು ಮುಚ್ಚಿ ಸುಮ್ಮನಿರುವುದು, ಅಷ್ಟೆ. ಇದನ್ನು ಅವರು 'ಮುಟ್ಟಿಸಿ ಬರುವುದು' ಎನ್ನುತ್ತಾರೆ. ಬಂಗಾರಿಯ ನೆರೆಮನೆಯ ಹೊನ್ನಿ ನನಗೆ ಇದರ ತಾತ್ಪರ್ಯ ಹೇಳಿದ್ದು ಹೀಗೆ: "ಗದ್ದೆ ಸಮುದ್ರಕ್ಕೆ ಹೋತದಲೋ. ಅದ್ನ ಒಂದೇ ಕಳ್ಸೂಕಾತದಾ? ಮದ್ಮಗಳ ಸಂಗ್ತಿಗೆ ನಾಕು ಜನ ಹೋಗುದಿಲ್ವಾ, ಹಂಗೆ. ಹೋಗುದು, ಮುಟ್ಟಿಸುದು, ಬರೂದು." ಆದರೆ ಹೋದವರು ತಾವಾಗಿ ಬರಲಾರರು. ಒಬ್ಬರು ಹೋಗದೆ ಇಲ್ಲೇ ನಿಲ್ಲಬೇಕು. ನೀರಿಗೆ ಬೆನ್ನು ಹಾಕಿ, ಕಣ್ಣು ತೆರೆದು ನಿಲ್ಲಬೇಕು. ಕೊಯ್ದ ಗದ್ದೆಯ ಕೂಳೆ ಪೂರ್ತಿ ಮುಳುಗಿದ ಮೇಲೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯಬೇಕು. ಕರೆಸಿಕೊಂಡವರು 'ಓ' ಎಂದು ಎದ್ದರೆ ಅವರು ಬಂದ ಹಾಗೆ. ಬಂಗಾರಿ ಕರೆಯುವವಳು.

ನಾನು ದೇವರನ್ನು ನಂಬದವನು, ಮೂಗು ಹಿಡಿದು ಕೂಡ್ರುವವರನ್ನು ಕಂಡರೆ ನನಗೆ ಆಕಳಿಕೆ ಬರುತ್ತದೆ. ಆದರೂ ಒಂದು ವರ್ಷ ಏರಿಯ ಕೊನೆಯಲ್ಲಿ ನಿಂತು ನೋಡಿದೆ. ಮೊದಲು ಮಾತು ನಿಂತಿತು, ಆಮೇಲೆ ಕೆಮ್ಮು, ಆಮೇಲೆ ಉಸಿರಿನ ಸದ್ದು. ಬೆಳ್ಳಕ್ಕಿಗಳು ಬಂದು ಕೂತವರ ನಡುವೆ, ಬೇಲಿಗೂಟಗಳ ನಡುವೆ ಇಳಿಯುವ ಹಾಗೆ, ಸಂಕೋಚವಿಲ್ಲದೆ ಇಳಿದವು. ಒಂದು ಏಡಿ ಹೊನ್ನಿಯ ಪಾದ ಹತ್ತಿ, ಮೊಣಕಾಲು ದಾಟಿ, ಮಡಿಲಲ್ಲಿ ಸ್ವಲ್ಪ ಹೊತ್ತು ಇದ್ದು ಇಳಿದು ಹೋಯಿತು. ಅವಳ ಚರ್ಮ ಕದಲಲಿಲ್ಲ. ಅಲ್ಲಿ ಮನುಷ್ಯರಿದ್ದಾರೆಂದು ಸೊಳ್ಳೆಗಳಿಗೂ ಗೊತ್ತಿದ್ದಂತೆ ಕಾಣಲಿಲ್ಲ; ಇಡೀ ಕೇರಿಯ ಸೊಳ್ಳೆ ಬಂಗಾರಿಯನ್ನೂ ನನ್ನನ್ನೂ ಕಚ್ಚುತ್ತಿತ್ತು. ಆಗ ಅವಳು ಕರೆದಳು. ಬಾವಿಯ ತಳದಿಂದ ಕೊಡ ಮೇಲೆದ್ದು ಬರುವಂಥ ದನಿ, ಕೂಗಲ್ಲ, ಅಳುವಲ್ಲ, ಉದ್ದಕ್ಕೆ ಎಳೆದ ಬರೀ ಹೆಸರು. ಒಬ್ಬೊಬ್ಬರೇ 'ಓ' ಎಂದು ಎದ್ದರು. ಒಣ ಏರಿಯ ಮೇಲೆ ಕೂತಿದ್ದವರ ಪಾದಗಳು ದಿನವಿಡೀ ನೀರಲ್ಲಿ ನಿಂತವರ ಪಾದಗಳ ಹಾಗೆ ಬೆಳ್ಳಗೆ ಸುಕ್ಕುಗಟ್ಟಿದ್ದವು, ಸೀರೆಯ ಅಂಚು ತೊಟ್ಟಿಕ್ಕುತ್ತಿತ್ತು. ಇಬ್ಬನಿ ಎಂದುಕೊಂಡೆ. ಬೆರಳಿಗೆ ತಾಗಿಸಿ ನಾಲಿಗೆಗೆ ಇಟ್ಟುಕೊಂಡೆ. ಇಬ್ಬನಿ ಉಪ್ಪಾಗಿರುವುದಿಲ್ಲ.

ಅವತ್ತು ಏಳದೇ ಉಳಿದವನು ಜಟ್ಟಿ ಒಬ್ಬನೇ, ಬಂಗಾರಿಯ ಗಂಡ. ಅವಳು ಅವನ ಹೆಸರನ್ನು ಮತ್ತೆ ಮತ್ತೆ ಕರೆದಳು, ಕೊನೆಗೆ ಹೋಗಿ ರಟ್ಟೆ ಹಿಡಿದು ಎಬ್ಬಿಸಿಕೊಂಡು ಮನೆಗೆ ಹೋದಳು. 'ಓ' ಎನ್ನುವುದು ಅವನ ಬಾಯಿಂದ ಹೊರಟದ್ದು ಮಾರನೆಯ ದಿನ, ಕೆಸರಲ್ಲಿ ಬಳಚಿನ ಚಿಪ್ಪು ಹೆಕ್ಕುತ್ತಿದ್ದಾಗಂತೆ.

ಜಟ್ಟಿಯ ಕತೆ ಕೇರಿಗೆಲ್ಲ ಗೊತ್ತಿದ್ದದ್ದೇ. ಬಂಗಾರಿ ಮದುವೆಯಾಗಿ ಬಂದ ವರ್ಷ, ಕರೆಯುವವಳು ಅವಳ ಅತ್ತೆ ನಾಗಿ. ಎಲ್ಲರನ್ನೂ ಕರೆದು, ಕಡೆಗೆ ಮಗನ ಹೆಸರು ಎತ್ತುವ ಮೊದಲೇ ಮುದುಕಿ ನಿಂತಲ್ಲೇ ಕುಸಿದು ಸತ್ತಳು. ಗದ್ದಲದಲ್ಲಿ ಜಟ್ಟಿಯನ್ನು ಯಾರೂ ನೆನೆಯಲಿಲ್ಲ. ಅವನು ಕತ್ತಲಾದ ಮೇಲೆ ತಾನಾಗಿಯೇ ಎದ್ದು ಬಂದ, ಉಂಡ, ಮಲಗಿದ, ತಾಯಿಗೆ ಬೆಂಕಿಯೂ ಇಟ್ಟ. ಆದರೆ ಪೂರ್ತಿ ಬರಲಿಲ್ಲ. ಅಂದಿನಿಂದ ಅವನ ಮಾತು ತಡವಾಗಿ ಬರತೊಡಗಿತು. ಬೆಳಿಗ್ಗೆ ಗಂಜಿಗೆ ಉಪ್ಪು ಬೇಕೋ ಎಂದು ಕೇಳಿದರೆ, ಮಧ್ಯಾಹ್ನ ಬೇಲಿ ಕಟ್ಟುತ್ತ 'ಬೇಡ' ಎನ್ನುವನು. ಧರಣಿಯಲ್ಲಿ ನಮ್ಮನ್ನು ಹಿಡಿದೊಯ್ದಾಗ ಠಾಣೆಯಲ್ಲಿ ಹೆಸರು ಹೇಳಲಿಲ್ಲವೆಂದು ಕಪಾಳಕ್ಕೆ ತಿಂದ. ಸಂಜೆ ಬಿಡುಗಡೆಯಾಗಿ ಬಸ್ಸಿಗೆ ಕಾಯುತ್ತಿದ್ದಾಗ, ಎದುರಿಗಿದ್ದ ಎಮ್ಮೆಗೆ ಬಹಳ ವಿನಯದಿಂದ "ಜಟ್ಟಿ" ಎಂದ. ನಾವು ಬಿದ್ದು ಬಿದ್ದು ನಕ್ಕೆವು. ಬಂಗಾರಿ ನಗಲಿಲ್ಲ. "ಅವ್ನ ಅರ್ಧ ಅಲ್ಲೇ ಅದೆ. ದೂರದಿಂದ ಹೇಳ್ಬೇಕಲ, ಹೊತ್ತಾತದೆ" ಎಂದಳು, ದೂರದ ಊರಿಂದ ಬರುವ ಟಪಾಲಿನ ವಿಷಯ ಹೇಳುವಷ್ಟೇ ಸಲೀಸಾಗಿ. ಅತ್ತೆ ಬಿದ್ದ ಜಾಗದಲ್ಲಿ ಆ ವರ್ಷದಿಂದ ನಿಂತವಳು, ಅವನ ಉಳಿದರ್ಧವನ್ನು ಕರೆಯುತ್ತಲೇ ಕೂದಲು ಬೆಳ್ಳಗಾಗಿಸಿಕೊಂಡಳು.

ಇಂಥ ಕೇರಿಗೆ ಸರಕಾರ ಬಂತು. ಡಿಸೆಂಬರ್ ಇಪ್ಪತ್ತೊಂದು ಧ್ಯಾನದ ದಿನವೆಂದು ಜಗತ್ತಿನ ಸರಕಾರಗಳೆಲ್ಲ ಸೇರಿ ಒಪ್ಪಿಕೊಂಡವಲ್ಲ, ಅದರ ಆಚರಣೆಗೆ ನಮ್ಮ ಕಡೆಯಿಂದ 'ಸ್ಥಳೀಯ ಪರಂಪರೆ' ಒಂದು ಬೇಕಾಗಿತ್ತು. ಕುಮಟೆಯ ಕಾಲೇಜು ಹುಡುಗಿಯೊಬ್ಬಳು ಮೊಬೈಲಿನಲ್ಲಿ ಹಾಕಿದ್ದ ಏರಿಯ ದೃಶ್ಯ ಯಾರದೋ ಕಣ್ಣಿಗೆ ಬಿದ್ದು, ಕಾರ್ಯಕ್ರಮದ ಹೊಣೆ ಹೊತ್ತ ಪ್ರದೀಪ ಎಂಬ ಅಧಿಕಾರಿ ಜೀಪು ಇಳಿದ. ಅವನನ್ನು ಬೈಯುವುದು ಸುಲಭ, ಆದರೆ ನ್ಯಾಯವಲ್ಲ. ಸಭ್ಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಜಗಲಿ ಹತ್ತಿದ, ಕೊಟ್ಟ ಕಪ್ಪು ಚಾ ಪೂರ್ತಿ ಕುಡಿದ, ಹಿರಿಯರ ಮಾತಿನ ನಡುವೆ ಬಾಯಿ ಹಾಕಲಿಲ್ಲ. ಗಜನಿ ಪಕ್ಕದ ಮೈದಾನದಲ್ಲಿ ಕೇರಿಯವರು ಮುಂದಿನ ಸಾಲಿನಲ್ಲಿ, ಹಿಂದೆ ಶಾಲಾಮಕ್ಕಳು, ನೌಕರರು, ಸ್ವಸಹಾಯ ಸಂಘದ ಹೆಂಗಸರು, ಎಲ್ಲರೂ ಬಿಳಿ ಉಟ್ಟು ಕೂಡ್ರಬೇಕು. ಮೇಲಿಂದ ಡ್ರೋನ್ ಚಿತ್ರ ತೆಗೆಯುತ್ತದೆ.

"ಎಲ್ಲರೂ ಕೂತಾಗ ಒಬ್ಬರೇ ನಿಂತರೆ ಚಿತ್ರದಲ್ಲಿ ಚೆನ್ನಾಗಿ ಕಾಣೂದಿಲ್ಲ ಅಮ್ಮಾ" ಎಂದ ಪ್ರದೀಪ.

"ಹಂಗಾರೆ ಕರ್ಯುದು ಯಾರು?" ಎಂದಳು ಹೊನ್ನಿ.

ಅವನು ನಿಜವಾಗಿ ಸಂತೋಷಗೊಂಡವನ ಹಾಗೆ ಹೇಳಿದ: "ಇವರ ದನಿಯನ್ನೇ ಈಗ ಹಿಡ್ಕಳುವ. ಅವತ್ತು ಧ್ವನಿವರ್ಧಕದಲ್ಲಿ ಹಾಕುವ. ಕರೆದದ್ದೂ ಇವರೇ ಆಯ್ತು, ಕೂತದ್ದೂ ಆಯ್ತು."

ನಾನು ಅಲ್ಲೇ ಇದ್ದೆ. ಬಂಗಾರಿ ಒಲ್ಲೆ ಎನ್ನುತ್ತಾಳೆಂದು ನಿರೀಕ್ಷಿಸಿ, ಸರಕಾರದ ಜೊತೆ ಜಗಳಕ್ಕೆ ತೋಳು ಏರಿಸುತ್ತಿದ್ದೆ. ಅವಳು ಜಟ್ಟಿಯನ್ನು ನೋಡಿದಳು. ಅವನು ಅಂಗಳದಲ್ಲಿ ಸಿಗಡಿ ಒಣಹಾಕುತ್ತ, ಯಾವುದೋ ಹಳೆಯ ಪ್ರಶ್ನೆಗೆ ತಲೆಯಾಡಿಸುತ್ತಿದ್ದ. "ಆತು" ಎಂದಳು.

ಆಮೇಲೆ ನನ್ನನ್ನು ಹಿತ್ತಲಿಗೆ ಕರೆದು, ಅಪರೂಪಕ್ಕೆ ಕವಳ ಉಗಿದು ಬಾಯಿ ಖಾಲಿ ಮಾಡಿಕೊಂಡು ಹೇಳಿದಳು: "ಲೀಡರಾ, ನಲ್ವತ್ತು ವರ್ಷ ಬೆನ್ನು ಹಾಕಿ ನಿಂತೆ. ಎಲ್ಲಾ ಹೋತ್ರು, ಬತ್ರು. ಎಂತ ಕಂಡ್ರಿ ಅಂದ್ರೆ ಯಾರೂ ಬಾಯಿ ಬಿಡುದಿಲ್ಲ. ಇವ್ನ ಅರ್ಧ ನಾ ಕರದ್ರೆ ಬರೂದಲ್ಲ, ಅದು ನಂಗೆ ಎಂದೋ ಗೊತ್ತಾಗ್ಯದೆ. ಒಂದ್ಸಲ ನಾನೇ ಹೋತೆ. ಹೋಗಿ, ಕೈ ಹಿಡ್ದೇ ಎಳ್ಕಂಡು ಬತ್ತೆ."

"ಬರದಿದ್ರೆ?"

"ಬರದೆ ಎಂತ ಮಾಡುದು? ನನ್ನ ದನಿ ಇರ್ತದಲ, ಕರೀತದೆ."

ಎಲ್ಲರೂ ಹಾಗೇ ತಿಳಿದಿದ್ದರು. ಕರೆ ಎಂದರೆ ದನಿ, ದನಿ ಪೆಟ್ಟಿಗೆಯಲ್ಲಿ ಕೂತರೆ ಕರೆಯೂ ಕೂತಂತೆ. ಮಧ್ಯಾಹ್ನದ ಬಿಸಿಲಲ್ಲಿ, ಮಳೆಕೋಟಿನ ಕೊರಳಿಗೆ ಸಣ್ಣ ಮೈಕು ಸಿಕ್ಕಿಸಿಕೊಂಡು, ಗೋಡೆಗೆ ಮುಖ ಮಾಡಿ ಬಂಗಾರಿ ಆ ಇನ್ನೊಂದು ದನಿಯನ್ನು ಹೊರಗೆ ತೆಗೆದಳು. ಹೊನ್ನಿಯ ಹೆಸರು ಬಂದಾಗ ಹೊನ್ನಿ ಬೇಲಿಯಾಚೆಯಿಂದ 'ಓ' ಎಂದು ಕೈಯಲ್ಲಿ ಹಿಡಿಸೂಡಿ ಹಿಡಿದೇ ಓಡಿ ಬಂದಳು. ಎಲ್ಲ ನಕ್ಕರು, ಬಂಗಾರಿಯೂ ನಕ್ಕಳು. ಕೇರಿಯ ಹೆಸರುಗಳೆಲ್ಲ ಬಂದವು, ಕೊನೆಗೆ ಜಟ್ಟಿ. ಪ್ರದೀಪ "ಸೂಪರ್ ಅಮ್ಮಾ" ಎಂದ, ಯಾರೋ ನಕ್ಕರು. ಅಲ್ಲಿಗೆ ಮುಗಿಯಿತು. ಪ್ರತಿವರ್ಷ ಅಲ್ಲಿಗೇ ಮುಗಿಯುತ್ತಿತ್ತು.

ಆ ದಿನ ಬಂತು. ಸಂಜೆಯ ಮೈದಾನ, ಪಕ್ಕದಲ್ಲಿ ತುಂಬುತ್ತಿರುವ ಗಜನಿ, ಮೂರು ತಾಲೂಕಿನಿಂದ ಬಂದ ಬಿಳಿ ಬಟ್ಟೆ. ಭಾಷಣಗಳಾದವು, ನಮ್ಮ ಪ್ರಾಚೀನ ಸಾಧನೆಗೆ ಮನ್ನಣೆ ಸಿಕ್ಕಿತೆಂದು ಒಬ್ಬರು, ಒತ್ತಡ ನಿವಾರಣೆಗೆ ಇದು ರಾಮಬಾಣವೆಂದು ಇನ್ನೊಬ್ಬರು. ಬಂಗಾರಿಗೂ ಬಿಳಿ ಸೀರೆ ಕೊಟ್ಟಿದ್ದರು, ಅವಳು ಅದರ ಮೇಲೆ ಕೋಟು ಹಾಕಿಕೊಂಡೇ ಬಂದಳು, ಬಿಚ್ಚಿ ಎನ್ನುವ ಧೈರ್ಯ ಯಾರಿಗೂ ಆಗಲಿಲ್ಲ. ಜಟ್ಟಿಯ ಮಗ್ಗುಲಲ್ಲಿ ನಿಂತು, ನೆಲವನ್ನು ಎರಡು ಸಲ ನೋಡಿ, ನೀರಿಗೆ ಇಳಿಯುವವಳ ಹಾಗೆ ಸೀರೆಯನ್ನು ತುಸು ಎತ್ತಿಕೊಂಡು, ಕೂತಳು. ನಾನು ಸರಕಾರ ಹೇಳಿದಾಗ ಕೂಡ್ರುವ ಅಭ್ಯಾಸದವನಲ್ಲ. ಧ್ವನಿವರ್ಧಕದ ಕಂಬದ ಹಿಂದೆ, ಡ್ರೋನ್‌ಗೆ ಕಾಣದ ಹಾಗೆ ನಿಂತಿದ್ದೆ.

ಮಕ್ಕಳ ಪಿಸುಮಾತು ಅಡಗಿತು. ಹೆದ್ದಾರಿಯ ಲಾರಿಗಳ ಸದ್ದು ಅಡಗಿತು, ಅದು ಹೇಗೆಂದು ನನ್ನನ್ನು ಕೇಳಬೇಡಿ. ತಲೆಯ ಮೇಲೆ ಗುಂಯ್‌ಗುಡುತ್ತಿದ್ದ ಡ್ರೋನ್ ಕೂಡ ದೂರ ಹೋದಂತೆ, ಆದರೆ ಅದು ಅಲ್ಲೇ ಇತ್ತು. ಬೆಳ್ಳಕ್ಕಿಗಳು ಇಳಿದವು, ಈ ಸಲ ಶಾಲಾಮಕ್ಕಳ ನಡುವೆಯೂ.

ಕೊನೆಗೆ ಪೆಟ್ಟಿಗೆಯಿಂದ ಬಂಗಾರಿಯ ದನಿ ಎದ್ದಿತು. ಮುಂದೆ ಕೂತವಳ ತುಟಿ ಮುಚ್ಚಿತ್ತು, ಹಿಂದಿನ ಕಂಬದಲ್ಲಿ ಅವಳೇ ಕರೆಯುತ್ತಿದ್ದಳು. "ಹೊನ್ನೀ..." 'ಓ'. "ನಾಗೇಶಾ..." 'ಓ'. ಸಾಲು ಏಳುತ್ತ ಬಂತು. "ಜಟ್ಟೀ..." ಎಂಬ ಹೆಸರಿನ ಬಾಲ ಗಾಳಿಯಲ್ಲಿ ಇನ್ನೂ ಇರುವಾಗಲೇ 'ಓ' ಬಿತ್ತು, ಗಟ್ಟಿಯಾಗಿ, ಎಳೆಯ ಗಂಡಸಿನ ಗಂಟಲಲ್ಲಿ. ಕೇರಿಯವರೆಲ್ಲ ಒಟ್ಟಿಗೆ ತಿರುಗಿದರು. ಜಟ್ಟಿ ಎದ್ದು ನಿಂತು, ಬಹಳ ದೂರದ ಬಸ್ಸಿಳಿದವನ ಹಾಗೆ ಸುತ್ತ ನೋಡಿ, "ಬಂಗಾರಿ ಎಲ್ಲಿ?" ಎಂದ. ಅವಳು ಅವನ ಕಾಲ ಬುಡದಲ್ಲೇ ಕೂತಿದ್ದಳು. ಪೆಟ್ಟಿಗೆಯೊಳಗಿನ ಪ್ರದೀಪ "ಸೂಪರ್ ಅಮ್ಮಾ" ಎಂದ, ಯಾರೋ ನಕ್ಕರು, ಕರ್ರೆಂದು ಸದ್ದಾಗಿ ಎಲ್ಲ ನಿಂತಿತು. ಜನ ಚಪ್ಪಾಳೆ ತಟ್ಟಿದರು.

ಅವಳು ಏಳಲಿಲ್ಲ. ಅವಲಕ್ಕಿ, ಚಾ ಹಂಚಿಕೆಯಾಯಿತು, ಏಳಲಿಲ್ಲ. ಶಾಲು ಹೊದೆಸಿ, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟರು. ಕೋಟಿನ ಅಂಚಿನಿಂದ ಹಣ್ಣಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. "ಸಮಾಧಿ ಸ್ಥಿತಿ" ಎಂದು ಯಾರೋ ಕೈ ಮುಗಿದರು, ಆ ಚಿತ್ರವೇ ಮರುದಿನ ಪತ್ರಿಕೆಗಳಲ್ಲಿ ಬಂತು. ಜಟ್ಟಿ ಬಗ್ಗಿ ಕಿವಿಯ ಹತ್ತಿರ ಕರೆದ, ಹೊನ್ನಿ ಕರೆದಳು, ನಾನೂ ಕರೆದೆ. ಗಾಬರಿಗೊಂಡ ಪ್ರದೀಪ, "ಇನ್ನೊಂದ್ಸಲ ಹಾಕಿ ನೋಡುವ" ಎಂದು ದನಿಯನ್ನು ಮತ್ತೆ ಹಾಕಿಸಿದ. ಕೇರಿಯವರು ಚಾ ಲೋಟ ಹಿಡಿದುಕೊಂಡೇ, ಬೇಡವೆಂದರೂ ತಡೆಯಲಾರದೆ, ಒಬ್ಬೊಬ್ಬರಾಗಿ ಮತ್ತೆ 'ಓ' ಎಂದರು. ದನಿ ಮುಗಿಯಿತು. "ಇದರಲ್ಲಿ ಅಮ್ಮನ ಹೆಸರೇ ಇಲ್ಲವಾ?" ಎಂದ ಪ್ರದೀಪ.

"ತನ್ನ ಹೆಸ್ರ ತಾನೇ ಹ್ಯಾಂಗೋ ಕರ್ಕಂಬುದು?" ಎಂದಳು ಹೊನ್ನಿ. ಅದನ್ನು ಹೇಳಿದ ಮೇಲೆಯೇ ಅವಳಿಗೂ ಅದರ ಅರ್ಥ ಹೊಳೆದದ್ದು.

ಮೈದಾನ ಬರಿದಾಗಿ, ಕುರ್ಚಿಗಳನ್ನು ಲಾರಿಗೆ ಹೇರುತ್ತಿದ್ದಾಗ ಬಂಗಾರಿ ತಾನಾಗಿಯೇ ಎದ್ದಳು. ಯಾರೂ ಕರೆಯದೆ ಎದ್ದಳು. ಮನೆಗೆ ನಡೆದಳು, ಕೊಟ್ಟದ್ದನ್ನು ಉಂಡಳು. ವೈದ್ಯರ ಹತ್ತಿರ ಕರೆದೊಯ್ದೆವು. ನಾಡಿ ಸರಿಯಿದೆ, ರಕ್ತ ಸರಿಯಿದೆ, ವಯಸ್ಸಾಯಿತಲ್ಲ ಎಂದರು. ಅಂದಿನಿಂದ ಅವಳು ಜಗಲಿಯ ಮೇಲೆ ಕೂತೇ ಇರುತ್ತಾಳೆ. ಏನು ಕೇಳಿದರೂ ಉತ್ತರ ಬರುವುದು ಯಾವಾಗಲೋ. ಜಟ್ಟಿಗೆ ಮಧ್ಯಾಹ್ನಕ್ಕೆ ಬರುತ್ತಿದ್ದದ್ದು, ಇವಳಿಗೆ ತಿಂಗಳೆರಡು ತಿಂಗಳಿಗೆ. ದೀಪಾವಳಿಗೆ ಹೋದ ನಾನು ಹೊರಟು ನಿಂತಾಗ "ಬಾ ಲೀಡರಾ, ಚಾ ಕುಡಿ" ಎಂದಳು, ಗೋಡೆಯ ಕಡೆ ನೋಡುತ್ತ; ಅದು ಚೌತಿಗೆ ಬಂದಾಗ ನಾನು ಮಾಡಿದ ನಮಸ್ಕಾರಕ್ಕೆ ಉತ್ತರ.

ಜಟ್ಟಿ ಈಗ ಅಚ್ಚುಕಟ್ಟು ಮನುಷ್ಯ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ, ಮೇಲೆ ಎರಡು ಬೈಗುಳ. ಅಲ್ಲಿ ಏನು ಕಂಡೆ ಎಂದು ಕೇಳಿದರೆ ಅವನೊಬ್ಬನೇ ಮುಚ್ಚಿಡದೆ ಹೇಳಿದ. "ಕೆಸ್ರು. ಕತ್ಲೆ. ಯಾರೋ ಕೈ ಹಿಡ್ದ್ರು, ನೋಡಿರೆ ಇವ್ಳು. 'ನಡಿಯಾ ಸೋಂಬೇರಿ, ಎಷ್ಟು ವರ್ಷ ಇಲ್ಲೇ ಬಿದ್ಕಂತೆ' ಅಂತ ಬೈದ್ಲು. ನಾ ಮುಂದೆ ಹತ್ತಿದೆ. ಮೇಲಿಂದ ಹೆಸ್ರು ಬರ್ತಿತ್ತು, ನಂದು ಬಂತು, ಬಂದೆ. ಅವ್ಳು ಅಲ್ಲೇ ಕೆಸ್ರಲ್ಲಿ, ದನಿ ಬದಿಗೆ ಬೆನ್ನು ಹಾಕಿ ನಿಂತಿದ್ಲು. ತನ್ನ ಹೆಸ್ರೂ ಬರ್ಲಿ ಅಂತ ಕಾಯ್ತಿದ್ಲೇನೋ." ಕೊನೆಗೆ, "ಕೂತದ್ದು ಇಲ್ಲಿ ಮಾತ್ರ, ತಮಾ. ಅಲ್ಲಿ ನಿಂತೇ ಅದಾಳೆ" ಎಂದ.

ಮಾರನೆಯ ವರ್ಷದ ಆಚರಣೆ ಇನ್ನೂ ದೊಡ್ಡದಾಯಿತು. ಕಾರ್ಯಕ್ರಮ ಮೆಚ್ಚುಗೆ ಪಡೆದಿತ್ತು, ಬಂಗಾರಿಯ ದನಿಗೆ ಮೇಲಿನ ಒಪ್ಪಿಗೆ ಸಿಕ್ಕಿತ್ತು; ಅದನ್ನೇ ಭಟ್ಕಳದಲ್ಲಿ, ಕುಮಟೆಯಲ್ಲಿ, ಹೊನ್ನಾವರದ ಹತ್ತಿರ ಅಪ್ಸರಕೊಂಡದ ಕಡಲ ತಡಿಯಲ್ಲಿ, ಒಂದೇ ಸಮಯಕ್ಕೆ ಹಾಕುವುದೆಂದಾಯಿತು. ಜಟ್ಟಿ ತಾನು ಒಂದು ಹೆಸರು ಕೂಗಿ ಕೊಡುತ್ತೇನೆ, ಕೊನೆಯಲ್ಲಿ ಸೇರಿಸಿ ಎಂದು ಪ್ರದೀಪನನ್ನು ಕೇಳಿಕೊಂಡ. ಪ್ರದೀಪ ಪ್ರಯತ್ನಪಟ್ಟ, ಅವನ ಮೇಲೆ ಸುಳ್ಳು ಹೊರಿಸಲಾರೆ. ಆದರೆ ಒಪ್ಪಿಗೆಯ ಮೊಹರು ಬಿದ್ದ ದನಿಗೆ ಈಗ ಒಂದು ಹೆಸರು ಸೇರಿಸುವ ಅಧಿಕಾರ ಅವನಿಗಿರಲಿಲ್ಲ. ಹಾಗಾಗಿ ಜಟ್ಟಿ ಹೊನ್ನಾವರಕ್ಕೆ ನನ್ನ ಮನೆಗೆ ಬಂದ. "ಅವ್ಳ ದನಿ ಕೂಗುವಾಗ ಅವ್ಳಿಗೆ ಕೇಳ್ತದೆ, ಅದು ಮುಗದ ಕೂಡ್ಲೆ ನಾ ಕರ್ಯಬೇಕು" ಎಂದ. ಇಬ್ಬರೂ ಅಪ್ಸರಕೊಂಡಕ್ಕೆ ಹೋದೆವು.

ಸಮುದ್ರದೆದುರು ಪ್ರವಾಸಿಗರು, ನೌಕರರು, ಎಲ್ಲಿಯವರೋ ಎಲ್ಲರೂ ಕಣ್ಣು ಮುಚ್ಚಿದ್ದರು. ದನಿ ಎದ್ದು ಹೊನ್ನಿಯನ್ನು ಕರೆಯಿತು, ನಾಗೇಶನನ್ನು ಕರೆಯಿತು. ಆ ಹೆಸರಿನವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಪ್ರತಿ ಹೆಸರಿಗೂ ಗುಂಪಿನಲ್ಲಿ ಒಬ್ಬೊಬ್ಬರ ತುಟಿ ದುಂಡಗಾಗಿ 'ಓ' ಎನ್ನುವುದನ್ನು ನಾನು ನೋಡಿದೆ. ಬ್ಯಾಗು ತಬ್ಬಿಕೊಂಡಿದ್ದ ಹೆಂಗಸೊಬ್ಬಳು ಎಂದಳು, ಕನ್ನಡವೇ ಬಾರದಂತೆ ಕಾಣುತ್ತಿದ್ದ ಹುಡುಗನೊಬ್ಬ ಎಂದ. ನನ್ನ ಗಂಟಲಲ್ಲೂ ಒಂದು ಬಂದು ನಿಂತಿತ್ತು, ಹಲ್ಲು ಕಚ್ಚಿ ನುಂಗಿದೆ. ದನಿ ನಿಂತ ಕ್ಷಣ ಜಟ್ಟಿ ಸಮುದ್ರಕ್ಕೆ ಬೆನ್ನು ಹಾಕಿ ತಿರುಗಿ, "ಬಂಗಾರೀ..." ಎಂದು ಎಳೆದ. ಮತ್ತೆ ಎಳೆದ. ಜನ ಕಣ್ಣು ತೆರೆದು ಹುಬ್ಬು ಗಂಟಿಕ್ಕಿದರು, ಪೊಲೀಸನೊಬ್ಬ ಬಂದು ತೋಳು ಹಿಡಿದ.

"ಯಾರನ್ನೋ ಅದು ಕೂಗುದು?"

"ನನ್ನ ಹೆಂಡ್ತಿನ."

"ಎಲ್ಲಿದ್ದಾಳೆ?"

"ಹಿರೇಗುತ್ತೀಲಿ, ಜಗ್ಲಿ ಮೇಲೆ."

ಪೊಲೀಸ ನನ್ನನ್ನು ನೋಡಿದ. "ಬಿಡಿ, ಕರೆಯಲಿ" ಎಂದೆ. ನಮ್ಮಿಬ್ಬರನ್ನೂ ಹೊರಗೆ ಹಾಕಿದರು. ಹೀಗೆ ಹೊರಹಾಕಿಸಿಕೊಳ್ಳುವುದು ನನಗೆ ಹೊಸದಲ್ಲ, ಅವನಿಗೂ ಅಲ್ಲ.

ಕೆಲವು ವಾರಗಳ ಮೇಲೆ ಹೊನ್ನಿ ಫೋನ್ ಮಾಡಿದಳು. ಬಂಗಾರಿಯ ತಲೆ ಬಾಚುತ್ತಿದ್ದಳಂತೆ, ಕೇರಿ ನಿಶ್ಶಬ್ದವಾಗಿತ್ತಂತೆ, ಯಾರೂ ಏನೂ ಕೇಳಿರಲಿಲ್ಲವಂತೆ. ಬಂಗಾರಿ 'ಓ' ಎಂದಳು. ಅಷ್ಟೇ, ಮತ್ತೇನಿಲ್ಲ, ಬಾಯಿಂದ ಉಪ್ಪುನೀರಿನ ವಾಸನೆ ಬಂತು, ಹೊನ್ನಿಯ ಕೈಯ ಬಾಚಣಿಗೆ ಒದ್ದೆಯಾಯಿತು. ಜಟ್ಟಿಗೆ ಹೇಳಿದರೆ ಅವನು ಅಳಲಿಲ್ಲ, ಕುಣಿಯಲಿಲ್ಲ. "ಹೊರಟಳು ಹಂಗಾರೆ. ದೂರ ಅದೆ, ನಡ್ಕ ಬರ್ಬೇಕಲ" ಎಂದು ಅಂಗಳಕ್ಕಿಳಿದು ನಿಂತ. ಈಗಲೂ ಭರತ ಏರುವ ಹೊತ್ತಿಗೆಲ್ಲ ಅವನು ಗಜನಿಗೆ ಬೆನ್ನು ಹಾಕಿ ನಿಂತು ಕರೆಯುತ್ತಾನೆ. ಕೇರಿಯವರು ಅವನಿಗೆ ಕೂಡ್ರಲು ಹೇಳುವುದಿಲ್ಲ.

ಇಂಥವರು ಎಲ್ಲ ಕಡೆ ಒಬ್ಬೊಬ್ಬರಿರುತ್ತಾರೆ. ನಾವೆಲ್ಲ ಜೈಕಾರ ಹಾಕಿ ಜೈಲಿಗೆ ಹೋಗುವಾಗ ಹೊರಗೆ ಉಳಿದು, ಜಾಮೀನಿಗೆ ಅಲೆದು, ನಮ್ಮ ಮಕ್ಕಳಿಗೆ ಗಂಜಿ ಹಾಕಿ, ಬಿಡುಗಡೆಯ ದಿನ ಗೇಟಿನ ಹತ್ತಿರ ನಿಂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಎಣಿಸಿಕೊಳ್ಳುವವರು. ಚಿತ್ರಗಳಲ್ಲಿ ಅವರು ಇರುವುದಿಲ್ಲ, ಇದ್ದರೂ ಬೆನ್ನು ಕಾಣುತ್ತದೆ. ಹೇಡಿಗಳೆಂದು ಅವರನ್ನು ಕರೆದವರಲ್ಲಿ ನಮ್ಮ ಪೈಕಿಯವರೂ ಇದ್ದರು. ಕಣ್ಣು ಮುಚ್ಚಿ ಕೂತವರಿಗೆ ಸರಕಾರ ಒಂದು ದಿನ ಕೊಟ್ಟಿದೆ, ಕೊಡಲಿ, ನನಗೇನೂ ಹೊಟ್ಟೆಯುರಿಯಿಲ್ಲ. ಆದರೆ ನಿಂತವರಿಗೆ ಒಂದು ದಿನ ಕೊಡುವುದು ಯಾವ ಸರಕಾರದ ಕೈಯಲ್ಲೂ ಆಗದ ಕೆಲಸ. ಅವರನ್ನು ಸನ್ಮಾನಿಸಬೇಕೆಂದರೆ ಮೊದಲು ಹಿಡಿದು ಕೂಡ್ರಿಸಬೇಕಾಗುತ್ತದೆ, ಅವರು ಕೂತ ಮೇಲೆ ನಮ್ಮೆಲ್ಲರ ಹೆಸರು ನೆನಪಿಟ್ಟುಕೊಂಡವರು ದಡದ ಮೇಲೆ ಒಬ್ಬರೂ ಉಳಿದಿರುವುದಿಲ್ಲ.